ಎಡಗೈಯ ನಲವತ್ತೆಂಟು ಗುಂಡಿಗಳು

ಬೆಂಗಳೂರು, ತಪಾಸಣೆಯ ಸಾಲು

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ಮೂರು ಸಲ ಯಂತ್ರದೊಳಗೆ ತೂರಿಸಿ ನೋಡಿದರು. ಪರದೆಯ ಮೇಲೆ ಸಾಲುಸಾಲು ಕಡ್ಡಿ, ತಂತಿ, ತಗಡಿನ ಪಟ್ಟಿ ಕಂಡು ಅಲ್ಲಿದ್ದ ಹುಡುಗಿಯ ಮುಖ ಬಿಗಿಯಾಯಿತು. ಅಕಾರ್ಡಿಯನ್ ಎಂದೆ. ಹಾಗಂದರೇನು ಎಂದಳು. ಹೆಗಲಿಗೆ ಹಾಕಿಕೊಳ್ಳುವ ಹಾರ್ಮೋನಿಯಂ ಎಂದೆ. ಹಾಗಾದರೆ ನುಡಿಸಿ ತೋರಿಸಿ ಎಂದಳು. ಅರವತ್ತು ದಾಟಿದ ನಾನು ಬರಿಗಾಲಲ್ಲಿ ಬೆಂಚಿನ ಮೇಲೆ ಕೂತು, ಸೆರಗು ಸಿಕ್ಕಿಸಿ, ಬಲಗೈಯಲ್ಲಿ ಒಂದು ದಿಬ್ಬಣದ ಧಾಟಿ ನುಡಿಸಿದೆ. ಹಿಂದೆ ನಿಂತಿದ್ದ ಸಾಲು ಬೆಲ್ಟು ಬಿಚ್ಚುವುದನ್ನು ಮರೆತು ನೋಡಿತು.

"ಎಡಗೈ ಸುಮ್ಮನಿದೆಯಲ್ಲಾ ಆಂಟಿ?"

"ಆ ಕಡೆ ಕೆಟ್ಟೈತವ್ವ. ರಿಪೇರಿ ಮಾಡ್ಸಾಕೇ ಹೊಂಟೀನಿ."

"ಎಲ್ಲಿಗೆ?"

"ಇಟಲಿಗೆ."

ಅವಳು ನಕ್ಕಳು. ಅವಳದೇನು ತಪ್ಪು, ಹೊನ್ನಾಳಿಯಲ್ಲಿ ನಮ್ಮ ಬೀದಿಗೆ ಬೀದಿಯೇ ನಕ್ಕಿತ್ತು. ಮಿಕ್ಸಿ ಕೆಟ್ಟರೆ ದಾವಣಗೆರೆಗೆ ಒಯ್ಯುವುದೇ ನಮ್ಮಲ್ಲಿ ದೊಡ್ಡ ಮಾತು.

ಈ ಪೆಟ್ಟಿಗೆ ನಮ್ಮಪ್ಪನದು. ಅಪ್ಪ ಈರಣ್ಣ ಗೋವಿನಕೋವಿ ಹಳ್ಳಿಯವನು. ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಹೊನ್ನಾಳಿಗೆ ಬಂದು ಬ್ಯಾಂಡ್‌ಸೆಟ್ಟು ಸೇರಿದ. ದಾವಣಗೆರೆಯಲ್ಲಿ ಒಂದು ನಾಟಕ ಕಂಪನಿ ಮುಚ್ಚಿದಾಗ ಅವರ ಅಕಾರ್ಡಿಯನ್ ಇವನ ಕೈಗೆ ಬಂತು. ಚನ್ನಗಿರಿ, ನ್ಯಾಮತಿ, ಜಗಳೂರು, ಎಲ್ಲಿ ದೊಡ್ಡ ಮದುವೆಯಾದರೂ ಅಪ್ಪ ಇರಲೇಬೇಕು. ಜನ ಹಾಡು ಕೇಳುವುದಕ್ಕಿಂತ ಹೆಚ್ಚಾಗಿ ಅವನ ಎಡಗೈ ನೋಡುತ್ತಿದ್ದರು. ಬಲಗೈ ಮೆಲ್ಲಗೆ ಆಡುತ್ತಿದ್ದರೆ ಎಡಗೈ ಚರ್ಮದ ಪಟ್ಟಿಯೊಳಗೆ ಮೇಲೆ ಕೆಳಗೆ ಓಡುತ್ತಲೇ ಇರುತ್ತಿತ್ತು. "ಈರಣ್ಣನ ಕೈ ಓಟ ನೋಡಾಕೆ ಬಂದೀವಿ" ಎಂದು ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಊಟ ಬಿಟ್ಟು ಮುಂದೆ ಬಂದು ನಿಲ್ಲುತ್ತಿದ್ದರು.

ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಅವನು ನನಗೆ ಕಲಿಸಿದ ಹತ್ತಿಪ್ಪತ್ತು ಧಾಟಿಗಳನ್ನು ಪ್ರತಿ ಭಾನುವಾರ ಬೆಳಿಗ್ಗೆ ನುಡಿಸುತ್ತಿದ್ದೆ. ಎರಡು ವರ್ಷದಿಂದ ಎಡಗೈ ಕಡೆಯ ಗುಂಡಿಗಳು ಒಂದೊಂದೇ ಮೂಕಾದವು. ರಿಪೇರಿಯ ಬಾಷಾ ಸಾಬರು ತೀರಿಕೊಂಡಿದ್ದರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಾನು ಸಾಯುವ ಮುಂಚೆ ಅಪ್ಪನ ಎಡಗೈಯನ್ನು ಇನ್ನೊಮ್ಮೆ ಕೇಳಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಬೇರೆ ದೇಶ ನೋಡುವ ಹುಚ್ಚು ನನಗಿರಲಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪೆಟ್ಟಿಗೆಯನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೇ ಒಮ್ಮೆ ರಿಪೇರಿ ಮಾಡಿದ್ದೆ. ಇದನ್ನು ನಾನು ಯಾರಿಗೆ ಹೇಳಿಲ್ಲ ಎಂದು ಕೇಳುವುದೇ ಸುಲಭ. ನ್ಯಾಮತಿ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿದೆ. ಒಂದು ತರಗತಿಯನ್ನೂ ಬಿಡದೆ ಹೇಳಿದ್ದೇನೆ. ವಿಮಾನದಲ್ಲಿ ಪಕ್ಕ ಕೂತ ಪುಣ್ಯಾತ್ಮನಿಗೂ ಹೇಳಿದೆ. ಅವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ.

ಬೆಟ್ಟದ ಮೇಲಿನ ಊರು

ಪೆಟ್ಟಿಗೆಯ ಮುಂಭಾಗದಲ್ಲಿ ಹಿತ್ತಾಳೆಯ ಅಕ್ಷರಗಳಿದ್ದವು. ಕಂಪನಿಯ ಹೆಸರು ಯಾವ ಕಾಲಕ್ಕೋ ಉದುರಿ, ಅದು ತಯಾರಾದ ಊರಿನ ಹೆಸರಷ್ಟೇ ಉಳಿದಿತ್ತು: ಕಾಸ್ಟೆಲ್ಫಿದಾರ್ದೊ. ನಮ್ಮ ಮನೆಯಲ್ಲಿ ಅದನ್ನು ಯಾರೂ ಒಂದೇ ಉಸಿರಿನಲ್ಲಿ ಓದಿದವರಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿ ನಸೀಮಾ ಜಗಳೂರಿನವಳು. ನ್ಯಾಮತಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದಿದವಳು. ಈಗ ಇಟಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ದಿನ ಫೋನಿನಲ್ಲಿ ಈ ಅಕ್ಷರಗಳ ಫೋಟೊ ಕಳಿಸಿದೆ. "ಮೇಡಂ, ಈ ಊರು ನಮ್ಮ ಆಸ್ಪತ್ರೆಯಿಂದ ಅರ್ಧ ಗಂಟೆ ದಾರಿ. ಪೆಟ್ಟಿಗೆ ಹೊತ್ಕೊಂಡು ಬಂದುಬಿಡ್ರಿ" ಎಂದಳು. ನಾನು ಬಂದೇಬಿಟ್ಟೆ.

ಊರು ಗುಡ್ಡದ ಮೇಲಿದೆ. ಗಲ್ಲಿಗಳು ಕಡಿದಾಗಿವೆ, ತುದಿಯಲ್ಲಿ ನಿಂತರೆ ದೂರದಲ್ಲಿ ಸಮುದ್ರದ ಒಂದು ಗೆರೆ ಕಾಣುತ್ತದೆ. ತಗ್ಗಿನಲ್ಲಿ ಉತ್ತ ಹೊಲಗಳು. ಅವನ್ನು ನೋಡಿ ನಸೀಮಾ, "ನಮ್ಮ ಜಗಳೂರು ಕಡೆ ಮಳೆ ಸರಿಯಾಗಿ ಬಿದ್ರೆ ಹಿಂಗೇ ಕಾಣ್ತೈತೆ ಅಲ್ರಿ" ಎಂದಳು. ಹದಿನೈದು ವರ್ಷದಿಂದ ಅಲ್ಲಿದ್ದಾಳೆ, ಇನ್ನೂ ಹೊಲ ಕಂಡರೆ ಮೆಕ್ಕೆಜೋಳವೋ ಶೇಂಗಾವೋ ಎಂದು ಲೆಕ್ಕ ಹಾಕುತ್ತಾಳೆ. ನಾನು ಒಯ್ದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಕಾರಿನಲ್ಲೇ ತೆರೆದು ಬೆರಳಲ್ಲಿ ನೆಕ್ಕಿದಳು. ಹಸಿರು ದೀಪ ಬಿದ್ದು ಹಿಂದಿನವರು ಹಾರ್ನ್ ಹೊಡೆದರೂ ಮುಚ್ಚಳ ಹಾಕಿಯೇ ಗಾಡಿ ಬಿಟ್ಟಳು.

ಅಲ್ಲಿನ ಜನ ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಔಷಧಿ ಲೋಟದಷ್ಟು ಕಾಫಿ, ಒಂದೇ ಗುಟುಕು, ನಡೆ. ನಾನು ಕೂತು, ಬಸಿಗೆ ಹುಯ್ದು, ಊದಿ ಕುಡಿಯುತ್ತಿದ್ದರೆ ಅಂಗಡಿಯಾತ ನಸೀಮಾಳ ಹತ್ತಿರ ಏನೋ ಕೇಳಿದ. "ನಿಮಗೆ ಹುಷಾರಿಲ್ಲೇನು ಅಂತ ಕೇಳ್ತಾನೆ ಮೇಡಂ" ಎಂದಳು.

ಮೊದಲ ದಿನ, ಎಲಿಯೋನ ಅಂಗಡಿ

ಅಕಾರ್ಡಿಯನ್ ರಿಪೇರಿಯ ಎಲಿಯೋ ಎಪ್ಪತ್ತರ ಆಸುಪಾಸಿನ ಮುದುಕ; ಅವನ ಮಾತನ್ನು ನಸೀಮಾ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ನೀಲಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಅಂಗಡಿಯ ತುಂಬ ಮೇಣದ, ಹಳೆಯ ಚರ್ಮದ ವಾಸನೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ಬಾಷಾ ಸಾಬರ ಅಂಗಡಿಯ ನೆನಪಾಯಿತು. ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟ ಮೇಲೆ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ಹಾರ್ಮೋನಿಯಂ ಬಿಚ್ಚುವುದನ್ನು ನೋಡುತ್ತಿದ್ದೆ.

ಎಲಿಯೋ ನನ್ನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಿದಿಯನ್ನು ಮೂಸಿ ನೋಡಿದ. ಒಳಗೆ ಸ್ವರದ ತಗಡಿನ ಪಟ್ಟಿಗಳನ್ನು ಹಿಡಿದಿರುವ ಮೇಣ ಒಣಗಿ ಪುಡಿಯಾಗಿದೆ, ಅದಕ್ಕೇ ಎಡಗಡೆ ಮೂಕಾಗಿದೆ, ಮೂರು ದಿನ ಸಾಕು ಎಂದ. ನಾನು ನಸೀಮಾಳಿಗೆ, "ಹೇಳವ್ವ, ಇದನ್ನ ಒಂದ್ಸಲ ನಾನೇ ರಿಪೇರಿ ಮಾಡಿದ್ದು ಅಂತ" ಎಂದೆ. ಎಲಿಯೋ ಹುಬ್ಬೇರಿಸಿ, ಗೌರವದಿಂದ ತಲೆಬಾಗಿ, ಗೋಡೆಯ ಮೇಲಿದ್ದ ಇನ್ನೊಂದು ಅಕಾರ್ಡಿಯನ್ ತೆಗೆದು ನನ್ನ ಕೈಗಿಟ್ಟ. ನಿಮ್ಮೂರಿನದು ಏನಾದರೂ ಕೇಳಿಸಿ ಎಂದ.

ಇದನ್ನು ನುಡಿಸುವವರಿಗೆ ಎಡಗೈ ಕಡೆ ಕಣ್ಣಿಗೆ ಕಾಣುವುದಿಲ್ಲ. ಗುಂಡಿಗಳು ಆಚೆ ಮುಖ ಮಾಡಿರುತ್ತವೆ, ಕೈ ಪಟ್ಟಿಯೊಳಗೆ ಸಿಕ್ಕಿರುತ್ತದೆ. ಹಾಗಾಗಿ ಒಂದು ಗುಂಡಿಗೆ ಸಣ್ಣ ಕುಳಿ ಮಾಡಿರುತ್ತಾರೆ. "ಕುಳಿ ಇರೋ ಗುಂಡಿನೇ ನಮ್ಮನೆ. ಅಲ್ಲಿಂದ ಎಣಿಸಿಕೊಂಡು ಹೊಂಟ್ರೆ ದಾರಿ ತಪ್ಪಲ್ಲ" ಎಂದು ಅಪ್ಪ ಹೇಳಿಕೊಟ್ಟಿದ್ದ. ನಾನು ಕುಳಿ ಹುಡುಕಿದೆ. ಗದ್ದದ ಕಡೆಯ ತುದಿಯಲ್ಲಿ ಇರಬೇಕಾದದ್ದು ನಟ್ಟನಡುವೆ ಸಿಕ್ಕಿತು. ಇರಲಿ ಎಂದು ಅಲ್ಲಿಂದಲೇ ಎಣಿಸಿ ಶುರು ಮಾಡಿದೆ. ಬಲಗೈ ದಿಬ್ಬಣ ಹೊರಡಿಸಿತು. ಎಡಗೈ ಅದರ ಮೇಲೆ ಎಮ್ಮೆ ನುಗ್ಗಿಸಿತು. ನಸೀಮಾ ಕಿವಿ ಮುಚ್ಚಿಕೊಂಡಳು.

"ಇವರ ಪೆಟ್ಟಿಗೆ ಯಾರೋ ಬಿಚ್ಚಿ ಗುಂಡಿನೆಲ್ಲಾ ಕಲಸಿಬಿಟ್ಟಾರೆ. ಹೇಳು ಅವರಿಗೆ" ಎಂದೆ.

ನಸೀಮಾ ಹೇಳಿದಳೋ, ಮೆತ್ತಗೆ ಮಾಡಿ ಹೇಳಿದಳೋ ಗೊತ್ತಿಲ್ಲ. ಎಲಿಯೋ ಇನ್ನೊಂದು ಕೊಟ್ಟ. ಅದೂ ಹಾಗೆಯೇ. ಮೂರನೆಯದು ಕೊಟ್ಟ. ಅದೂ ಅಷ್ಟೇ. ನನ್ನ ಕೈ ನಿಧಾನವಾಯಿತು. ನಾನು ಎಷ್ಟೇ ಮೊಂಡಿಯಾದರೂ ಗಣಿತದವಳು. ಮೂರು ಉತ್ತರ ಒಂದೇ ಬಂದು ನಾಲ್ಕನೆಯದು ಬೇರೆ ಬಂದರೆ ತಪ್ಪು ಯಾವುದರಲ್ಲಿರುತ್ತದೆ ಎಂದು ಹುಡುಗರಿಗೆ ನಾನೇ ಕಲಿಸಿದ್ದೆ.

ಎಲಿಯೋ ನನ್ನ ಪೆಟ್ಟಿಗೆಯ ಎಡಬದಿಗೆ ಕೈ ಹಾಕಿ, ಕಣ್ಣು ಮುಚ್ಚಿ, ನಡುವಿನಲ್ಲಿ ಕುಳಿ ತಡಕಿದ. ಸಿಗಲಿಲ್ಲ. ಬೆರಳು ಮೇಲೆ ಸರಿಯುತ್ತ ಕೊನೆಯ ಗುಂಡಿಗೆ ಹೋಗಿ ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದ. ಗಡಿಯಾರ ತೋರಿಸಿ ಅಂಗಡಿ ಬಾಗಿಲು ಹಾಕಿದ.

"ಇಲ್ಲಿ ಮಧ್ಯಾಹ್ನ ಎಲ್ಲಾ ಬಾಗಿಲು ಹಾಕ್ಕೊಂಡು ಊಟಕ್ಕೆ ಹೋಗ್ತಾರೆ ಮೇಡಂ. ಪ್ರಾಣ ಹೋದ್ರೂ ತೆಗೆಯಲ್ಲ" ಎಂದು ನಸೀಮಾ ನಗಿಸಲು ನೋಡಿದಳು. ನಾನು ಊಟದ ಮೇಜಿನ ಅಂಚಿನಲ್ಲಿ ಎಡಗೈ ಬೆರಳಾಡಿಸುತ್ತ ಗುಂಡಿ ಎಣಿಸುತ್ತಿದ್ದೆ.

ಎರಡನೆಯ ದಿನ, ಬಿಚ್ಚಿದ ಪೆಟ್ಟಿಗೆ

ಬೆಳಿಗ್ಗೆ ಹೋದಾಗ ಎಲಿಯೋ ಎಡಗಡೆಯ ಮುಚ್ಚಳ ತೆಗೆದಿಟ್ಟಿದ್ದ. ಪಕ್ಕದಲ್ಲಿ ಅವನದೊಂದು ಪೆಟ್ಟಿಗೆಯೂ ತೆರೆದಿತ್ತು. ಪಾಠಕ್ಕೆ ಸಿದ್ಧತೆ ಮಾಡಿಕೊಂಡ ಮೇಷ್ಟ್ರ ಹಾಗೆ ನಿಂತಿದ್ದ.

ನಾಲ್ಕು ಸಾಲು, ಸಾಲಿಗೆ ಹನ್ನೆರಡು, ಒಟ್ಟು ನಲವತ್ತೆಂಟು ಗುಂಡಿ. ತಿದಿಯ ಕಡೆಯ ಎರಡು ಸಾಲಿನಲ್ಲಿ ಒಂಟಿ ಸ್ವರ. ಆಚೆಯ ಎರಡು ಸಾಲಿನಲ್ಲಿ ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ. ಉಂಗುರ ಬೆರಳು ಒಂಟಿ ಸ್ವರಕ್ಕೆ, ನಡುಬೆರಳು ಮೂರು ಸ್ವರಕ್ಕೆ, ಒಂದಾದ ಮೇಲೊಂದು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಸಾಲಿನೊಳಗಿನ ಕ್ರಮ. ಎಲಿಯೋ ತನ್ನ ಪೆಟ್ಟಿಗೆಯ ಕುಳಿ ಗುಂಡಿ ಒತ್ತಿದ. ಅದು ಸ. ಮೇಲಿನ ಪಕ್ಕದ್ದು ಒತ್ತಿದ. ಪ. ಕುಳಿಯ ಕೆಳಗಿನ ಪಕ್ಕದ್ದು ಒತ್ತಿದ. ಮ. ಯಾವ ಹಾಡಿಗಾದರೂ ಸ ಹಿಡಿದ ಕೈಗೆ ಹೆಚ್ಚು ಬೇಕಾಗುವವು ಪ ಮತ್ತು ಮ. ಅವೆರಡನ್ನೂ ಅಕ್ಕಪಕ್ಕದ ಮನೆಯಲ್ಲೇ ಇಟ್ಟಿದ್ದಾರೆ. ಕೈ ಎಲ್ಲಿಗೂ ಓಡಬೇಕಾಗಿಲ್ಲ. ಎಲ್ಲ ದೇಶದ ಪೆಟ್ಟಿಗೆಯಲ್ಲೂ ಹೀಗೇ ಇರುತ್ತದೆ ಎಂದ.

ನನ್ನ ಪೆಟ್ಟಿಗೆಯಲ್ಲಿ ಸ ಇರುವುದು ತುದಿಯಲ್ಲಿ. ಪ ಬೇಕಾದರೆ ಏಳು ಗುಂಡಿ ಹಾರಬೇಕು. ಮ ಬೇಕಾದರೆ ಐದು.

"ಇದನ್ನ ಯಾರು ಹಿಂಗೆ ಜೋಡಿಸಿದ್ದು ಅಂತ ಕೇಳ್ತಾನೆ" ಎಂದಳು ನಸೀಮಾ. ಆಮೇಲೆ ಅವಳಿಗೂ ಹೊಳೆಯಿತು.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ರಿಪೇರಿ ಮಾಡಿದ ದಿನ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಾರನೆಯ ದಿನ ಜಗಳೂರಿನಲ್ಲಿ ಮದುವೆ. ಒಂದು ಗುಂಡಿ ಒಳಗೇ ಸಿಕ್ಕಿಕೊಂಡು ತಿದಿ ಎಳೆದಾಗೆಲ್ಲ ಒಂದೇ ಸ್ವರ ಅಳುತ್ತಿತ್ತು. ಬಾಷಾ ಸಾಬರು ಊರಲ್ಲಿರಲಿಲ್ಲ, ಅಪ್ಪ ಯಾವುದೋ ಮಾತುಕತೆಗೆ ಚನ್ನಗಿರಿಗೆ ಹೋಗಿದ್ದ. ನಾನು ಮುಚ್ಚಳ ಬಿಚ್ಚಿದೆ. ಪೆಟ್ಟಿಗೆಯನ್ನು ಸ್ವಲ್ಪ ವಾಲಿಸಿದೆನೋ ಇಲ್ಲವೋ, ನಲವತ್ತೆಂಟೂ ಗುಂಡಿ ಕಡ್ಡಿ ಸಮೇತ ಕೆಳಗಿಟ್ಟಿದ್ದ ಮೊರಕ್ಕೆ ಸುರಿದವು. ಅವ್ವ ಅಡಿಗೆಮನೆಯಿಂದ ಬಂದು ನೋಡಿ ಅಲ್ಲೇ ಕೂತಳು.

ನಾನು ಅಳಲಿಲ್ಲ. ಉದ್ದ ನೋಡಿ ನಾಲ್ಕು ಗುಂಪು ಮಾಡಿದೆ. ನಾಲ್ಕು ಸಾಲು ಸಿಕ್ಕಿತು. ಸಾಲಿನೊಳಗೆ ಯಾವುದು ಎಲ್ಲಿ? ಅಪ್ಪ ನನಗೆ ಎಡಗೈ ಕಲಿಸಿದ್ದು ಅದಾದ ಎಷ್ಟೋ ದಿನದ ಮೇಲೆ, ಆಗ ಗೊತ್ತಿರಲಿಲ್ಲ. ಒಂದೊಂದೇ ಹಾಕಿದೆ, ಮುಚ್ಚಿದೆ, ತಿದಿ ಎಳೆದು ಕೇಳಿದೆ, ಮನೆಯ ಹಾರ್ಮೋನಿಯಂನಲ್ಲಿ ಅದೇ ಸ್ವರ ಹುಡುಕಿದೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಸೇರಿ ಹನ್ನೆರಡು ಮನೆ. ಇಲ್ಲಿ ಸಾಲಿಗೆ ಹನ್ನೆರಡು ಗುಂಡಿ. ಇನ್ನೇನು ಬೇಕು? ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಕರಿ ಎರಡು ಎಂದು ತುದಿಯಿಂದ ತುದಿಗೆ ಜೋಡಿಸುತ್ತ ಹೋದೆ. ಸಂಜೆ ಅಪ್ಪ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಪ್ಪ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಎಡಗೈ ತೂರಿಸಿ ಒಂದೆರಡು ಗುಂಡಿ ಒತ್ತಿದ. ಮತ್ತೆ ಅವೇ ಗುಂಡಿಗಳನ್ನು ಒತ್ತಿದ.

"ನೀನೊಬ್ಬಳೇ ಮಾಡಿದ್ಯ ಗಿರ್ಜಿ?"

"ಹೂಂ. ಹೆಂಗೈತೆ?"

"ಭಾಳ ಚಲೋ ಐತೆ ಬಿಡವ್ವ."

ಮಾರನೆಯ ದಿನ ಜಗಳೂರಿನಲ್ಲಿ ಬಲಗೈ ಮಾತ್ರ ನುಡಿಸಿದ. ಎಡಭುಜ ಹಿಡಿದುಕೊಂಡಿದೆ ಎಂದ. ಆ ಮದುವೆ ಕಾಲವೆಲ್ಲ ಭುಜಕ್ಕೆ ಟವೆಲ್ ಸುತ್ತಿಕೊಂಡೇ ತಿರುಗಿದ. ಅವ್ವ ದಿನಾ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಬೆಳಿಗ್ಗೆ ಎದ್ದು ಪೆಟ್ಟಿಗೆ ಹೊತ್ತು ತುಂಗಭದ್ರೆಯ ದಂಡೆಗೆ ಹೋಗುತ್ತಿದ್ದ. ಯಾಕಪ್ಪ ಎಂದರೆ "ಭುಜಕ್ಕೆ ಹೊಳೆ ಗಾಳಿ ಬೇಕಂತೆ" ಎನ್ನುತ್ತಿದ್ದ. ಮಳೆಗಾಲ ಕಳೆದ ಮೇಲೆ ಅವನ ಎಡಗೈ ಮತ್ತೆ ಶುರುವಾಯಿತು. ಆ ಓಟ, ಆ ಹೆಸರು, ಎಲ್ಲ ಅಲ್ಲಿಂದ ಈಚಿನದು. ಅದಕ್ಕೂ ಮುಂಚೆ ಅಪ್ಪನ ಕೈ ಓಡುತ್ತಿತ್ತೇ ಎಂದು ಎಲಿಯೋನ ಅಂಗಡಿಯಲ್ಲಿ ನಿಂತು ನೆನಪು ಮಾಡಿಕೊಂಡೆ. ಇಲ್ಲ. ಓಡುತ್ತಿರಲಿಲ್ಲ.

ನಲವತ್ತು ವರ್ಷ ನಾನು ಜಂಬ ಕೊಚ್ಚಿಕೊಂಡ ರಿಪೇರಿ ಇದು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಎಲಿಯೋ ನಿಧಾನವಾಗಿ ಹೇಳಿದ್ದನ್ನು ನಸೀಮಾ ನಿಧಾನವಾಗಿಯೇ ಕನ್ನಡ ಮಾಡಿದಳು. "ಇವರಪ್ಪನ ಕಾಲದಿಂದ ಒಂದು ನೇಮ ಐತಂತೆ ಮೇಡಂ. ಕ್ರಮ ತಪ್ಪಿದ ಪೆಟ್ಟಿಗೆ ಈ ಅಂಗಡಿಯಿಂದ ಹೊರಗೆ ಹೋಗಂಗಿಲ್ಲ. ಸರಿ ಮಾಡಿನೇ ಕೊಡ್ತಾರಂತೆ. ಆದ್ರೆ…"

"ಆದ್ರೆ ಏನು?"

"ಆಮೇಲೆ ನಿಮ್ಮ ಕೈಗೆ ಇದು ಹೊಸಾ ಪೆಟ್ಟಿಗೆ ಆಗ್ತೈತೆ."

ಗೊತ್ತಿತ್ತು. ಅಪ್ಪ ಕಲಿಸಿದ ಎಡಗೈ ಈ ತಪ್ಪು ಕ್ರಮದಲ್ಲಿ ಮಾತ್ರ ಇದೆ. ಜಗತ್ತಿನಲ್ಲಿ ಬೇರೆ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಸರಿ ಮಾಡಿದರೆ ನಾನು ಕೇಳಲು ಬಂದದ್ದೇ ಹೋಗುತ್ತದೆ. ಆದರೆ ಅಪ್ಪನಿಗೆ ತಿಂಗಳುಗಟ್ಟಲೆ ಕಷ್ಟ ಕೊಟ್ಟ ತಪ್ಪನ್ನು ಮತ್ತೆ ಹೊತ್ತು ಊರಿಗೆ ಒಯ್ಯಲು ನಾಚಿಕೆಯಾಯಿತು.

"ಸರಿ ಮಾಡಾಕೆ ಹೇಳು" ಎಂದೆ.

ಸಂಜೆ ಆ ಊರಿನವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬೀದಿಗೆ ಬರುತ್ತಾರೆ. ಕೆಲಸವೇನಿಲ್ಲ, ಆ ತುದಿಯಿಂದ ಈ ತುದಿಗೆ ನಡೆದು, ಸಿಕ್ಕವರನ್ನು ಮಾತಾಡಿಸಿ, ವಾಪಸು. ನಮ್ಮಲ್ಲಿ ಅದಕ್ಕೆ ಬಸ್‌ಸ್ಟ್ಯಾಂಡ್ ಇದೆ. ನಸೀಮಾ ನನ್ನ ತೋಳು ಹಿಡಿದು ನಡೆಸಿದಳು. "ಮೇಡಂ, ನೀವೇ ಹೇಳ್ತಿದ್ರಲ್ಲ, ಉತ್ತರ ತಪ್ಪಾದ್ರೂ ಹಂತ ಸರಿ ಇದ್ರೆ ಅರ್ಧ ಮಾರ್ಕು ಅಂತ. ನಿಮ್ಮ ಹಂತ ಸರಿ ಇತ್ತಲ್ರಿ" ಎಂದಳು. ಅವಳಿಗೆ ಒಂಬತ್ತನೇ ತರಗತಿಯಲ್ಲಿ ಅರ್ಧ ಮಾರ್ಕನ್ನೂ ಕೊಡದೆ ಅಳಿಸಿದ್ದು ನೆನಪಾಗಿ ನನಗೆ ಇನ್ನಷ್ಟು ಬೇಜಾರಾಯಿತು.

ಮೂರನೆಯ ದಿನ, ಪೆನ್ಸಿಲು

ಬೆಳಿಗ್ಗೆ ನಾವಿನ್ನೂ ತಿಂಡಿ ತಿನ್ನುತ್ತಿದ್ದಾಗ ಎಲಿಯೋನ ಫೋನು. ಬೇಗ ಬನ್ನಿ ಎಂದನಂತೆ. ಏನೋ ಮುರಿದಿರಬೇಕು ಎಂದು ತಿಂಡಿ ಅರ್ಧಕ್ಕೇ ಬಿಟ್ಟು ಹೋದೆ.

ಮೇಣದ ಕೆಲಸವನ್ನು ಮುಗಿಸಿದ್ದ. ಗುಂಡಿಗಳ ಕ್ರಮ ಬದಲಿಸಲು ಅವನ್ನು ಹೊತ್ತ ಚೌಕಟ್ಟನ್ನು ಪೂರ್ತಿ ಹೊರಗೆ ತೆಗೆದಿದ್ದ. ಅದರ ಹಿಂದಿನ ಮರದ ಗೋಡೆಗೆ ದೀಪ ಹಿಡಿದು ನನ್ನನ್ನು ಕರೆದ. ಇಲ್ಲಿ ರಿಪೇರಿ ಮಾಡಿದವರು ಒಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯುವ ರೂಢಿ ಇದೆಯಂತೆ. ಇದು ಯಾರ ಹೆಸರು, ಯಾವ ಭಾಷೆ ಎಂದು ಕೇಳಿದ.

ಅಪ್ಪನ ಅಕ್ಷರ. ಅವನು ಓದಿದ್ದು ನಾಲ್ಕನೇ ಇಯತ್ತೆ. ಅವನ ಜ ಯಾವಾಗಲೂ ಪಕ್ಕಕ್ಕೆ ಒರಗಿಕೊಂಡಿರುತ್ತಿತ್ತು. ಮೇಲೆ ಬಿಳಿ ಒಂದು, ಕರಿ ಒಂದು ಎಂದು ಹನ್ನೆರಡನ್ನೂ ಸಾಲಾಗಿ ಬರೆದುಕೊಂಡಿದ್ದ, ಬಾಯಿಪಾಠ ಮಾಡಲು ಇರಬೇಕು. ಅದರ ಕೆಳಗೆ ಒತ್ತಿ ಬರೆದ ಎರಡು ಸಾಲು:

"ಇದು ನಮ್ಮ ಗಿರಿಜಾ ಜೋಡಿಸಿದ್ದು. ಹಿಂಗೇ ಇರಲಿ. ರಿಪೇರಿಯವರು ಯಾರೂ ಬದಲಿ ಮಾಡಬಾರದು."

ನಾನು ಪಕ್ಕಕ್ಕೆ ಸರಿದು ನಸೀಮಾಳಿಗೆ ಜಾಗ ಬಿಟ್ಟೆ. ಅವಳು ಬಗ್ಗಿ ತಾನೇ ಓದಿ, ಎಲಿಯೋನಿಗೆ ಹೇಳಿದಳು.

ಇಷ್ಟು ಒಳಗೆ ಬರೆಯಬೇಕಾದರೆ ಅಪ್ಪ ಪೆಟ್ಟಿಗೆಯನ್ನು ಬಾಷಾ ಸಾಬರ ಹತ್ತಿರ ಒಯ್ದು ಬಿಚ್ಚಿಸಿರಬೇಕು. ಅವರು ಸರಿ ಮಾಡಿಕೊಡುತ್ತೇನೆ ಎಂದೇ ಹೇಳಿರುತ್ತಾರೆ. ಅಪ್ಪ ಬೇಡ ಎಂದು, ಪೆನ್ಸಿಲು ಕೇಳಿ ಇಸಿದುಕೊಂಡು, ಇದನ್ನು ಬರೆದು ಮುಚ್ಚಿಸಿದ್ದಾನೆ. ಆಮೇಲೆ ನಾನು ಆ ಅಂಗಡಿಯ ಮುಂದೆ ಹೋದಾಗಲೆಲ್ಲ ಬಾಷಾ ಸಾಬರು, "ಏನವ್ವ ಉಸ್ತಾದ್, ರಿಪೇರಿ ಮಾಡಿ ನಮ್ಮ ಹೊಟ್ಟೆ ಮ್ಯಾಲೆ ಹೊಡದ್ಯಲ್ಲ" ಎಂದು ನಗುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಇಬ್ಬರೂ ಸಾಯುವವರೆಗೆ ಬಾಯಿ ಬಿಡಲಿಲ್ಲ.

"ಬ್ಯಾಡ ಅಂತ ಹೇಳು ನಸೀಮಾ. ಹೆಂಗಿತ್ತೋ ಹಂಗೇ ಇರಲಿ" ಎಂದೆ. "ಅವರ ನೇಮ ಮುರೀಬೇಕಾಗ್ತೈತೆ. ತಪ್ಪು ತಿಳ್ಕೋಬ್ಯಾಡ್ರಿ ಅಂತ ಹೇಳು."

ಎಲಿಯೋ ತುಸು ಹೊತ್ತು ಆ ಅಕ್ಷರಗಳನ್ನೇ ನೋಡಿದ. ಆಮೇಲೆ ಕಿವಿಯ ಸಂದಿಯ ಪೆನ್ಸಿಲು ತೆಗೆದು ಅಪ್ಪನ ಸಾಲಿನ ಕೆಳಗೆ ಒಂದು ಸಾಲು ಬರೆದ. ಏನೆಂದು ನಸೀಮಾಳನ್ನು ಕೇಳಿದೆ.

"ನಿಮ್ಮಪ್ಪ ಬರೆದಿದ್ದೇ ಇವರ ಭಾಷೆಯಾಗೆ ಬರೆದಾರೆ ಮೇಡಂ. ಮಗಳು ಜೋಡಿಸಿದ್ದು, ಮುಟ್ಟಬ್ಯಾಡ್ರಿ ಅಂತ. ಕೆಳಗೆ ಹೆಸರು ಹಾಕ್ಯಾರೆ."

ನಂತರ ಎಲಿಯೋ ಪೆನ್ಸಿಲನ್ನು ನನಗೆ ಕೊಟ್ಟ. ನೀವೂ ರಿಪೇರಿ ಮಾಡಿದವರಲ್ಲವೇ, ನಿಮ್ಮದೂ ಇರಲಿ ಎಂದ. ತಮಾಷೆ ಮಾಡುತ್ತಿದ್ದಾನೋ ಎಂದು ಮುಖ ನೋಡಿದೆ. ಇಲ್ಲ. ಅಪ್ಪ ಬರೆದ 'ಗಿರಿಜಾ' ಎಂಬುದರ ಪಕ್ಕದಲ್ಲಿ ಸಣ್ಣದಾಗಿ ½ ಎಂದು ಬರೆದು, ಸುತ್ತ ಒಂದು ಸೊನ್ನೆ ಎಳೆದೆ. ನಸೀಮಾ ಮೂಗೊರೆಸಿಕೊಳ್ಳುತ್ತ ನಕ್ಕಳು.

ಎಲ್ಲ ಮುಚ್ಚಿ ಎಲಿಯೋ ಪೆಟ್ಟಿಗೆಯನ್ನು ನನ್ನ ಹೆಗಲಿಗೆ ತೊಡಿಸಿದ. ಗದ್ದದ ಕಡೆಯ ತುದಿಯಲ್ಲಿ ಕುಳಿ ಇತ್ತು. ಅಲ್ಲಿಂದ ಹೊರಟೆ. ಎರಡು ವರ್ಷದಿಂದ ಮೂಕಾಗಿದ್ದ ಗುಂಡಿಗಳು ಒಂದೊಂದಾಗಿ ನುಡಿದವು. ಏಳು ಹಾರಿ ಪ, ವಾಪಸು ಸ, ಐದು ಹಾರಿ ಮ. ಅಪ್ಪ ನಡುವೆ ಸೇರಿಸುತ್ತಿದ್ದ ಸಣ್ಣ ತಡವರಿಕೆಯೂ ಬಂತು. ಅದನ್ನು ನಾನು ಅಲಂಕಾರ ಎಂದು ಕಲಿತಿದ್ದೆ; ಮುಂದಿನ ಗುಂಡಿಗೆ ಕೈ ತಲುಪಲು ಅವನು ಮಾಡಿಕೊಂಡ ಬಿಡುವು ಅದು ಎಂದು ಈಗ ತಿಳಿಯಿತು. ಎಲಿಯೋ ಸುತ್ತಿ ಬಂದು ನನ್ನ ಎಡಬದಿಗೆ ನಿಂತು, ಜಗಳೂರಿನ ಬೀಗರು ನಿಲ್ಲುತ್ತಿದ್ದ ಹಾಗೆಯೇ ನಿಂತು, ಕೈಯನ್ನೇ ನೋಡಿದ. ನನಗೆ ಗೊತ್ತಿದ್ದ ಎಲ್ಲ ಧಾಟಿ ಮುಗಿಯುವವರೆಗೆ ನಿಲ್ಲಿಸಲಿಲ್ಲ. ಆವತ್ತು ಮಧ್ಯಾಹ್ನದ ಬಾಗಿಲು ಹಾಕುವುದನ್ನು ಅವನು ಮರೆತ.

ಆ ಸಂಜೆ ನನ್ನ ಎಡಗೈ ಮೇಲಕ್ಕೇಳಲಿಲ್ಲ. ಜಡೆ ಹಾಕಿಕೊಳ್ಳಲೂ ಆಗದೆ ಕೂತಿದ್ದೆ. ನಸೀಮಾ ಆಸ್ಪತ್ರೆಯ ಯಾವುದೋ ಮುಲಾಮು ತಂದು ಭುಜಕ್ಕೆ ತಿಕ್ಕಿ, ಮೇಲೆ ಟವೆಲ್ ಸುತ್ತಿದಳು. ಅಪ್ಪ ಭುಜ ನೋವು ಎಂದದ್ದು ನನ್ನ ಮನಸ್ಸು ನೋಯಬಾರದೆಂದು ಹೇಳಿದ ಸುಳ್ಳು ಎಂದು ಹಿಂದಿನ ದಿನವಷ್ಟೇ ಅಂದುಕೊಂಡಿದ್ದೆ. ಮೊದಲ ದಿನ ಸುಳ್ಳೇ ಇರಬಹುದು; ಹೊಳೆ ದಂಡೆಯಲ್ಲಿ ಏಳು ಹಾರಿ, ಐದು ಹಾರಿ ಕಲಿಯತೊಡಗಿದ ಮೇಲೆ ಅದು ಸುಳ್ಳಾಗಿರಲಿಲ್ಲ.